ಮಾತು ಬಾರದ ರೋಗಿಗಳ ವೈದ್ಯ: ಅಬ್ರಹಾಂ ಜಾಕೋಬಿ

ಕಳೆದ ವರುಷದ ಬೇಸಗೆಯ ಮಾತು. ನನ್ನ ಅಕ್ಕನು ತನ್ನ ಎಂಟು ತಿಂಗಳ ಕೂಸನ್ನು ಎತ್ತಿಕೊಂಡು ತವರುಮನೆಗೆ ಬಂದಿದ್ದಳು. ನಮ್ಮದು ಚಡಚಣದ ಹತ್ತಿರದ ಒಂದು ಸಣ್ಣ ಹಳ್ಳಿ. ಭೀಮಾತೀರದ ಸೀಮೆಯೆಂದು ಹೆಸರೇನೋ ದೊಡ್ಡದು. ಆದರೆ ವೈಶಾಖ ಬಂದಿತೆಂದರೆ ಕೊಡ ಹಿಡಿದು ನೀರಿನ ಟ್ಯಾಂಕರಿನ ಹಾದಿ ಕಾಯುವವರು ನಾವು. ಅಕ್ಕ ಬಂದ ಮೂರನೆಯ ದಿನವೇ ಕೂಸಿಗೆ ವಾಂತಿ-ಭೇದಿ ಹತ್ತಿತು. ಹಲ್ಲು ಮೂಡುವ ಕಾಲಕ್ಕೆ ಹೀಗಾಗುವುದು ವಾಡಿಕೆಯೆಂದು ಆಯಿ ಹೇಳಿದಳು. ದೃಷ್ಟಿ ತೆಗೆದಳು. ನೀರು ಕುಡಿಸಿದರೆ ಭೇದಿ ಹೆಚ್ಚುತ್ತದೆಂದು ನೀರನ್ನೂ ನಿಲ್ಲಿಸಿದಳು. ಸಂಜೆಗೆ ತಂದೆಯವರು ಸಮೀಪದ ಒಬ್ಬ ವೈದ್ಯರ ಬಳಿಗೆ ಹೋಗಿ, ದೊಡ್ಡವರಿಗೆ ಕೊಡುವ ಭೇದಿ ಕಟ್ಟುವ ಗುಳಿಗೆಯನ್ನೇ ತಂದರು. ಅರ್ಧ ಮುರಿದು ಅರೆದು ಕುಡಿಸಿರಿ ಎಂದು ಆ ವೈದ್ಯರು ಹೇಳಿ ಕಳಿಸಿದ್ದರಂತೆ. ಕೂಸೆಂದರೆ ಅರ್ಧ ಮನುಷ್ಯನೆಂಬ ಲೆಕ್ಕ! ನಾವೂ ಅದನ್ನು ನಂಬಿದೆವು. ಕಾಲೇಜಿನಲ್ಲಿ ಓದುವ ನಾನೂ ನಂಬಿದೆನೆಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ರಾತ್ರಿ ಭೇದಿ ನಿಂತಂತೆ ಕಂಡಿತು. ಬೆಳಗಾಗುವಷ್ಟರಲ್ಲಿ ಕೂಸಿನ ಹೊಟ್ಟೆ ಉಬ್ಬಿತ್ತು, ಕಣ್ಣು ಒಳಗೆ ಹೋಗಿದ್ದವು. ಅಳುತ್ತಿತ್ತು, ಆದರೆ ಕಣ್ಣೀರು ಬರುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅಳುವುದನ್ನೂ ಬಿಟ್ಟಿತು. ಅಕ್ಕನ ಮುಖ ನೋಡಲಾಗಲಿಲ್ಲ. ಬಟ್ಟೆಬರೆಗೆಂದು ನಾಲ್ಕು ಸೀಮೆಯ ಜನ ಚಡಚಣಕ್ಕೆ ಬರುತ್ತಾರೆ. ಬೇನೆ-ಬೇಸರಿಕೆಗೆ ಚಡಚಣದ ಸೀಮೆಯವರು ಸೊಲ್ಲಾಪುರದ ಹಾದಿ ಹಿಡಿಯುತ್ತಾರೆ. ನಾವೂ ಜೀಪೊಂದನ್ನು ಮಾಡಿಕೊಂಡು ಸೊಲ್ಲಾಪುರಕ್ಕೆ ಹೋಗಿ, ಒಬ್ಬ ಮಕ್ಕಳ ವೈದ್ಯರ ಬಾಗಿಲಿಗೆ ನಿಂತೆವು.

ಅವರು ಮಾಡಿದ ಮೊದಲ ಕೆಲಸ ನನಗೆ ಅಚ್ಚರಿಯನ್ನುಂಟುಮಾಡಿತು. ಔಷಧದ ಮಾತೇ ಇಲ್ಲ. ಕೂಸಿನ ಅಂಗಿ ಬಿಚ್ಚಿಸಿ ತಕ್ಕಡಿಯಲ್ಲಿ ಮಲಗಿಸಿ ತೂಗಿದರು. ಆರೂವರೆ ಕಿಲೋ ಬಂದಿತು. ನೆತ್ತಿಯ ಮೇಲೆ ಬೆರಳಿಟ್ಟು ನೋಡಿದರು. ಹೊಟ್ಟೆಯ ತೊಗಲನ್ನು ಎರಡು ಬೆರಳಿನಿಂದ ಹಿಡಿದು ಬಿಟ್ಟು, ಅದು ಎಷ್ಟು ಹೊತ್ತಿಗೆ ಮೊದಲಿನಂತಾಗುವುದೆಂದು ಕಾದರು. ಬಳಿಕ ಅಕ್ಕನನ್ನು ಎದುರಿಗೆ ಕೂಡ್ರಿಸಿಕೊಂಡು ಪ್ರಶ್ನೆ ಹಾಕತೊಡಗಿದರು. ಕೂಸು ಕೊನೆಗೆ ಉಚ್ಚೆ ಹೊಯ್ದದ್ದು ಯಾವಾಗ, ಮೊಲೆ ಕುಡಿಯುತ್ತಿದೆಯೋ ಇಲ್ಲವೋ, ಮೇಲುಹಾಲು ಕುಡಿಸುತ್ತಿದ್ದರೆ ಕಾಯಿಸಿದ್ದೋ ಹಸಿಯದೋ, ಬಾಟಲಿಯೋ ಬಟ್ಟಲೋ, ನೀರು ಎಲ್ಲಿಯದು, ಇಂಜೆಕ್ಷನ್ನಿನ ಕಾರ್ಡು ಎಲ್ಲಿ? ನಮ್ಮ ಕೈಯಲ್ಲಿಯ ಅರ್ಧ ಗುಳಿಗೆಯನ್ನು ನೋಡಿ ಅವರು ಕೆಲಹೊತ್ತು ಮಾತನಾಡಲಿಲ್ಲ. ಆರೂವರೆ ಕಿಲೋದ ಜೀವಕ್ಕೆ ಅರವತ್ತು ಕಿಲೋದವನ ಔಷಧದ ಅರ್ಧವೆಂದರೆ ಏನಾಯಿತೆಂಬುದನ್ನು ಗಣಿತ ಬಲ್ಲವರು ಲೆಕ್ಕ ಹಾಕಬಹುದು. ಮೇಲಾಗಿ ಆ ಔಷಧವು ಕೂಸುಗಳಿಗೆ ಸ್ವಲ್ಪವೂ ಕೊಡತಕ್ಕುದೇ ಅಲ್ಲವಂತೆ. ಅದು ಕರುಳಿನ ಚಲನೆಯನ್ನೇ ನಿಲ್ಲಿಸಿಬಿಡುತ್ತದೆ. ಹೊರಗೆ ಭೇದಿ ನಿಂತಂತೆ ಕಾಣುತ್ತದೆ, ಒಳಗೆ ರೋಗ ನಿಂತಿರುವುದಿಲ್ಲ.

ಎರಡು ದಿನ ಅಲ್ಲಿಯೇ ಇದ್ದೆವು. ಮೊದಲು ರಕ್ತನಾಳದೊಳಗಿಂದ ನೀರು ಕೊಟ್ಟರು. ಆಮೇಲೆ ಉಪ್ಪು-ಸಕ್ಕರೆಯ ಓ.ಆರ್.ಎಸ್. ನೀರನ್ನು ಚಮಚದಿಂದ ಕುಡಿಸಲು ಅಕ್ಕನಿಗೇ ಕಲಿಸಿದರು. ಮೊಲೆಹಾಲು ನಿಲ್ಲಿಸಕೂಡದೆಂದರು. ಸತುವಿನ ಔಷಧವನ್ನು ಹದಿನಾಲ್ಕು ದಿನ ಕೊಡಲು ಬರೆದರು. ಹೊರಡುವ ದಿನ ಕಾರ್ಡನ್ನು ಹಿಡಿದು, ಹದಿನಾಲ್ಕನೆಯ ವಾರದ ಇಂಜೆಕ್ಷನ್ನು ತಪ್ಪಿಹೋಗಿದೆಯೆಂದು ತೋರಿಸಿದರು. ಗೋಡೆಯ ಮೇಲೆ ಮರಾಠಿಯಲ್ಲಿ ಒಂದು ಪಟವಿತ್ತು: ಘಟಸರ್ಪ, ಡಾಂಗ್ಯಾ ಖೋಕಲಾ, ಧನುರ್ವಾತ ಎಂದು ರೋಗಗಳ ಹೆಸರು. ಡಾಂಗ್ಯಾ ಖೋಕಲಾ ಎಂದರೆ ನಾಯಿಕೆಮ್ಮು ಎಂಬುದು ಗೊತ್ತಿತ್ತು. ಘಟಸರ್ಪವೆಂದರೆ ನಮ್ಮ ಕಡೆ ಹಳಬರು ಗಂಟಲಮಾರಿಯೆಂದು ಕರೆಯುವ ರೋಗ. ಡಾಕ್ಟರರ ಮಾತಿನಲ್ಲಿ ಡಿಫ್ತೀರಿಯಾ. ಗಂಟಲಿನಲ್ಲಿ ಬೂದುಬಣ್ಣದ ಪೊರೆ ಕಟ್ಟಿ ಕೂಸಿನ ಉಸಿರನ್ನೇ ಹಿಡಿಯುವ ರೋಗಕ್ಕೆ ಸರ್ಪವೆಂದು ಹೆಸರಿಟ್ಟವರು ಅದನ್ನು ಕಣ್ಣಾರೆ ಕಂಡವರೇ ಇರಬೇಕು.

ಊರಿಗೆ ಮರಳಿ ಬಂದ ಮೇಲೆಯೂ ಆ ತಕ್ಕಡಿ ನನ್ನ ಕಣ್ಣಿನಿಂದ ಮರೆಯಾಗಲಿಲ್ಲ. ತನಗೆ ಎಲ್ಲಿ ನೋವೆಂದು ಹೇಳಲಾರದ, ಹೊರತಾಗಿ ಅಳಲು ಮಾತ್ರ ಬಲ್ಲ ರೋಗಿಗೆ ಬೇರೆಯೇ ಒಬ್ಬ ವೈದ್ಯನು ಬೇಕೆಂದು ಮೊದಲು ಹೊಳೆದದ್ದು ಯಾರಿಗೆ? ನಮ್ಮ ಆಯುರ್ವೇದದ ಎಂಟು ಅಂಗಗಳಲ್ಲಿ ಕೌಮಾರಭೃತ್ಯವೆಂಬುದೇ ಒಂದು. ಕಾಶ್ಯಪ ಸಂಹಿತೆಯು ಆ ವಿಷಯದ ಗ್ರಂಥ. ಆ ಮಾತು ನಮಗೆ ಅಭಿಮಾನದ್ದೇ. ಆದರೆ ಸೊಲ್ಲಾಪುರದ ಆ ವೈದ್ಯರು ತೂಗಿ, ಕೇಳಿ, ಕಾರ್ಡು ನೋಡಿ ಮಾಡಿದ ಚಿಕಿತ್ಸೆಯ ಮನೆತನವನ್ನು ಹುಡುಕುತ್ತ ಹೋದಾಗ ನನಗೆ ಮರಳಿ ಮರಳಿ ಎದುರಾದ ಹೆಸರು ಅಬ್ರಹಾಂ ಜಾಕೋಬಿಯವರದು. ಅಮೇರಿಕದವರು ಅವರನ್ನು ಮಕ್ಕಳ ವೈದ್ಯಶಾಸ್ತ್ರದ ಪಿತಾಮಹರೆಂದು ಕರೆಯುತ್ತಾರೆ. ಪಿತಾಮಹರೆಂಬ ಬಿರುದು ಈಗ ಅಗ್ಗವಾಗಿದೆ, ನಿಜ. ಅವರ ಚರಿತ್ರೆಯನ್ನು ಓದಿದವರಿಗೆ ಆ ಬಿರುದಿಗಿಂತ ಅವರ ದುಃಖವೇ ಹೆಚ್ಚು ನೆನಪಿನಲ್ಲಿ ಉಳಿಯುವುದು.

ಜಾಕೋಬಿಯವರು ಹುಟ್ಟಿದ್ದು ಇ.ಸ. 1830ನೆಯ ಮೇ 6ರಂದು, ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತದ ಹಾರ್ಟುಂ ಎಂಬ ಹಳ್ಳಿಯಲ್ಲಿ. ಆ ಪ್ರಾಂತವು ಆಗ ಪ್ರಶಿಯಾದ ಅರಸನ ಆಳಿಕೆಯಲ್ಲಿತ್ತು. ಯಹೂದಿಗಳ ಮನೆತನ, ಬಡತನದ ಸಂಸಾರ. ಹತ್ತಿರದ ಮಿಂಡೆನ್ ಪಟ್ಟಣದಲ್ಲಿ ಶಾಲೆ ಮುಗಿಸಿ, ಗ್ರೈಫ್ಸ್‌ವಾಲ್ಡ್, ಗಟಿಂಗೆನ್, ಬಾನ್ ಈ ಮೂರು ವಿಶ್ವವಿದ್ಯಾಲಯಗಳಲ್ಲಿ ವ್ಯಾಸಂಗ ಮಾಡಿ 1851ರಲ್ಲಿ ವೈದ್ಯ ಪದವೀಧರರಾದರು. ಅವರು ಓದುತ್ತಿದ್ದ ಕಾಲವು ಸಾಮಾನ್ಯವಾದದ್ದಲ್ಲ. 1848ರಲ್ಲಿ ಯುರೋಪಖಂಡದ ತುಂಬ ಅರಸೊತ್ತಿಗೆಗಳ ವಿರುದ್ಧ ಜನರು ಎದ್ದಿದ್ದರು. ವಿದ್ಯಾರ್ಥಿಯಾಗಿದ್ದ ಜಾಕೋಬಿಯವರೂ ಆ ಗಾಳಿಗೆ ಸಿಕ್ಕರು. ಪದವಿ ಪಡೆದ ವರುಷವೇ, ವೈದ್ಯವೃತ್ತಿಯ ಸರಕಾರಿ ಪರೀಕ್ಷೆಗೆಂದು ಬರ್ಲಿನ್ನಿಗೆ ಹೋದವರನ್ನು ಪೋಲೀಸರು ಹಿಡಿದರು. 1852ರಲ್ಲಿ ಕೊಲೋನ್ ನಗರದಲ್ಲಿ ನಡೆದ ಪ್ರಸಿದ್ಧ ಕಮ್ಯುನಿಸ್ಟ್ ಮೊಕದ್ದಮೆಯಲ್ಲಿ ಅವರೂ ಒಬ್ಬ ಆರೋಪಿ. ರಾಜದ್ರೋಹದ ಆರೋಪ ನಿಲ್ಲಲಿಲ್ಲ, ಬಿಡುಗಡೆಯಾಯಿತು. ಆದರೆ ಅರಸನ ಮರ್ಯಾದೆಗೆ ಕುಂದು ತಂದರೆಂಬ ಇನ್ನೊಂದು ನೆವದಿಂದ ಮತ್ತೆ ಒಳಗೆ ಹಾಕಿದರು. ಕೈಯಲ್ಲಿ ಹೊಸ ಪದವಿ. ಕಾಲ ಕಳೆದದ್ದು ಸೆರೆಮನೆಯಲ್ಲಿ. 1853ರಲ್ಲಿ ಹೊರಬಿದ್ದು ಇಂಗ್ಲಂಡಿಗೆ ಹೋಗಿ, ಅಲ್ಲಿ ಕಾರ್ಲ್ ಮಾರ್ಕ್ಸ್ ಹಾಗೂ ಎಂಗೆಲ್ಸ್ ಇವರ ಆಶ್ರಯದಲ್ಲಿ ಕೆಲದಿನ ಇದ್ದರು. ವೃತ್ತಿ ಅಲ್ಲಿ ಕುದುರಲಿಲ್ಲ. ಅದೇ ವರುಷ ಹಡಗು ಹತ್ತಿ ಅಮೇರಿಕೆಗೆ ಹೋದರು.

ನ್ಯೂಯಾರ್ಕಿನ ಹೋವರ್ಡ್ ಬೀದಿಯಲ್ಲಿ ಅವರ ಮೊದಲ ದವಾಖಾನೆ. ಸುತ್ತಲೂ ಜರ್ಮನಿಯಿಂದಲೂ ಬೇರೆ ದೇಶಗಳಿಂದಲೂ ಬಂದ ಬಡ ಕೂಲಿಕಾರರ ಮನೆಗಳು. ದವಾಖಾನೆಗೆ ಬಂದವರಿಗೆ ಇಪ್ಪತ್ತೈದು ಸೆಂಟು, ಮನೆಗೆ ಕರೆದರೆ ಐವತ್ತು ಸೆಂಟು, ಹೆರಿಗೆಗೆ ಐದು ಡಾಲರು. ಹೆರಿಗೆ ಮಾಡಿಸಲು ಹೋದ ಮನೆಗಳಿಗೆ ಮತ್ತೆ ಹೋಗಬೇಕಾಗುತ್ತಿತ್ತು. ಹುಟ್ಟಿದ ಕೂಸುಗಳು ವರುಷ ತುಂಬುವ ಮೊದಲೇ ಸಾಯುತ್ತಿದ್ದವು. ಆ ನಗರದಲ್ಲಿ ಬೇಸಗೆಯೆಂದರೆ ಕೂಸುಗಳ ಮಾರಿ. ಬೇಸಗೆಯ ಭೇದಿಯೆಂದೇ ಆ ರೋಗವನ್ನು ಕರೆಯುತ್ತಿದ್ದರು. ಹಲ್ಲು ಮೂಡುವುದರಿಂದ ಭೇದಿಯಾಗುತ್ತದೆಂದು ಅಲ್ಲಿಯೂ ಹೇಳುತ್ತಿದ್ದರಂತೆ! ಇದನ್ನು ಓದಿದಾಗ ನನಗೆ ನಮ್ಮ ಆಯಿಯ ಮೇಲಿನ ಸಿಟ್ಟು ಅರ್ಧ ಇಳಿಯಿತು.

ಜಾಕೋಬಿಯವರು ಹಲ್ಲನ್ನು ಬಿಟ್ಟು ಹಾಲನ್ನು ನೋಡಿದರು. ಇದು ಅವರ ಜೀವನದ ಮುಖ್ಯ ಸಂಗತಿಗಳಲ್ಲಿ ಒಂದಾದುದರಿಂದ ತುಸು ವಿಸ್ತಾರವಾಗಿ ಹೇಳುತ್ತೇನೆ. ಅಂದಿನ ನ್ಯೂಯಾರ್ಕಿನಲ್ಲಿ ಸಾರಾಯಿ ಭಟ್ಟಿಗಳ ಪಕ್ಕದಲ್ಲಿಯೇ ದನದ ಕೊಟ್ಟಿಗೆಗಳಿದ್ದವು. ಭಟ್ಟಿಯಲ್ಲಿ ಉಳಿದ ಬಿಸಿ ಬಿಸಿ ಗಸಿಯನ್ನು ಆ ಆಕಳುಗಳಿಗೆ ತಿನ್ನಿಸುತ್ತಿದ್ದರು. ಹುಲ್ಲು ಕಾಣದ, ಬಯಲು ಕಾಣದ, ಮೈತುಂಬ ಹುಣ್ಣಾದ ಆಕಳುಗಳು. ಅವುಗಳ ನೀಲಿಬಣ್ಣದ ತೆಳ್ಳನೆಯ ಹಾಲಿಗೆ ಹಿಟ್ಟನ್ನೋ ಸುಣ್ಣದ ಪುಡಿಯನ್ನೋ ಬೆರೆಸಿ ಬಿಳುಪು ಮಾಡಿ, ಹಳ್ಳಿಯ ಹಾಲೆಂದು ಬಡವರಿಗೆ ಮಾರುತ್ತಿದ್ದರು. 1858ರಲ್ಲಿ ಒಂದು ಸಚಿತ್ರ ಪತ್ರಿಕೆ ಇದನ್ನು ಬಯಲಿಗೆಳೆದಾಗ ಊರೆಲ್ಲ ಗುಲ್ಲಾಯಿತು. ಬ್ಯಾಕ್ಟೀರಿಯಾಗಳ ವಿಚಾರ ಇನ್ನೂ ಸ್ಥಿರವಾಗಿರದ ಕಾಲವದು. ಆದರೂ ಜಾಕೋಬಿಯವರು ತಮ್ಮ ಅನುಭವದಿಂದ ಒಂದು ಮಾತನ್ನು ಹಿಡಿದು ಕೂತರು: ಕೂಸಿಗೆ ತಾಯಿಯ ಹಾಲೇ ಹಾಲು, ಅದು ಇಲ್ಲದ ಕಾಲಕ್ಕೆ ಆಕಳ ಹಾಲನ್ನು ಕುದಿಸಿ, ಜವೆಗೋಧಿಯ ತಿಳಿಗಂಜಿ ಬೆರೆಸಿ, ಸ್ವಲ್ಪ ಸಕ್ಕರೆ ಸ್ವಲ್ಪ ಉಪ್ಪು ಹಾಕಿ ಕೊಡಬೇಕು. ಇಷ್ಟೇ. ಯಾವ ತಾಯಿಯೂ ತನ್ನ ಒಲೆಯ ಮೇಲೆ ಮಾಡಬಹುದಾದ ಔಷಧ.

ಮುಂದೆ ಹಾರ್ವರ್ಡಿನ ರಾಚ್ ಎಂಬ ಪ್ರಾಧ್ಯಾಪಕರು ಕೂಸಿನ ಹಾಲಿನಲ್ಲಿ ಕೊಬ್ಬಿಷ್ಟು ಸಕ್ಕರೆಯಿಷ್ಟು ಎಂದು ಪ್ರತಿಶತದ ಲೆಕ್ಕ ಕಟ್ಟಿ, ಪ್ರಯೋಗಶಾಲೆಯಲ್ಲಿ ಹಾಲು ತಯಾರಿಸುವ ಪದ್ಧತಿಯನ್ನು ತಂದರು. ಅದು ಬಹಳ ಮೆರೆಯಿತು. ಜಾಕೋಬಿಯವರು ಮಾತ್ರ ಅದನ್ನು ಒಪ್ಪಲಿಲ್ಲ. ಅಂತಹ ಹಾಲು ಹೋವರ್ಡ್ ಬೀದಿಯ ತಾಯಿಯ ಕೈಗೆ ಎಟುಕುವುದೇ ಎಂಬುದು ಅವರ ತಕರಾರು. 1893ರಲ್ಲಿ ನೇಥನ್ ಸ್ಟ್ರಾಸ್ ಎಂಬ ವ್ಯಾಪಾರಿಯು ನ್ಯೂಯಾರ್ಕಿನ ಬಡವರ ಕೇರಿಗಳಲ್ಲಿ ಕಾಯಿಸಿ ಶುದ್ಧ ಮಾಡಿದ ಹಾಲಿನ ಅಗ್ಗದ ಅಂಗಡಿಗಳನ್ನು ತೆರೆದಾಗ, ಅದರ ಹಿಂದಿನ ವೈದ್ಯಬುದ್ಧಿ ಜಾಕೋಬಿಯವರದೇ ಆಗಿತ್ತು.

ಅವರು ದವಾಖಾನೆಯಲ್ಲಿ ಹೇಗೆ ಬೆಳೆದರೋ ಪಾಠಪೀಠದಲ್ಲಿಯೂ ಹಾಗೆಯೇ ಬೆಳೆದರು. 1857ರಲ್ಲಿ ಮಕ್ಕಳ ರೋಗಗಳ ಮೇಲೆ ಉಪನ್ಯಾಸಗಳನ್ನು ಆರಂಭಿಸಿದರು. 1860ರಲ್ಲಿ ನ್ಯೂಯಾರ್ಕ್ ಮೆಡಿಕಲ್ ಕಾಲೇಜಿನಲ್ಲಿ ಕೂಸುಗಳ ರೋಗ ಮತ್ತು ಚಿಕಿತ್ಸೆಯೆಂಬ ವಿಷಯಕ್ಕೆ ಪ್ರಾಧ್ಯಾಪಕರಾದರು. ಅಮೇರಿಕೆಯಲ್ಲಿ ಅಂತಹ ಪೀಠ ಅದೇ ಮೊದಲನೆಯದು. ಅಲ್ಲಿಯೇ ಮಕ್ಕಳಿಗಾಗಿ ಧರ್ಮದ ದವಾಖಾನೆಯೊಂದನ್ನು ತೆರೆದು, ವಿದ್ಯಾರ್ಥಿಗಳನ್ನು ಕೂಸಿನ ಹಾಸಿಗೆಯ ಬಳಿಗೆ ಕರೆತಂದು ಕಲಿಸುವ ಕ್ರಮವನ್ನು ಹಾಕಿದರು. ಅದಕ್ಕೂ ಮುಂಚೆ ಮಕ್ಕಳ ರೋಗವೆಂದರೆ ಹೆರಿಗೆಯ ಪಾಠದ ಬಾಲ. ಹೆರಿಗೆ ಕಲಿಸುವವರೇ ಕೊನೆಗೆ ಸಮಯ ಉಳಿದರೆ ಎರಡು ಮಾತು ಹೇಳುವರು. (ನಮ್ಮ ಪರೀಕ್ಷೆಯ ಕಾಲಕ್ಕೆ ಪುಸ್ತಕದ ಕಡೆಯ ಅಧ್ಯಾಯದ ಗತಿ ಏನಾಗುತ್ತದೆಂಬುದನ್ನು ವಾಚಕರು ಬಲ್ಲರು.) ಮೈಯ ಅಳತೆಯನ್ನು ಕಿರಿದು ಮಾಡಿದರೆ ಮಗುವಾಗುವುದಿಲ್ಲ, ಮಗುವಿಗೆ ತನ್ನದೇ ಆದ ರೋಗಗಳೂ ತನ್ನದೇ ಆದ ಬೆಳವಣಿಗೆಯ ನಿಯಮಗಳೂ ಉಂಟು ಎಂಬುದನ್ನು ಅವರು ಬೋಧಿಸಿದರು. 1870ರಿಂದ ಮುಂದೆ ಸುಮಾರು ಮೂವತ್ತು ವರುಷ ಕೊಲಂಬಿಯಾದ ವೈದ್ಯಕೀಯ ಕಾಲೇಜಿನಲ್ಲಿ ಇದೇ ಪಾಠ. 1878ರಲ್ಲಿ ಮೌಂಟ್ ಸಿನಾಯ್ ಆಸ್ಪತ್ರೆಯಲ್ಲಿ ಮಕ್ಕಳಿಗೆಂದೇ ಬೇರೆ ವಿಭಾಗವಾಯಿತು. 1888ರಲ್ಲಿ ಅಮೇರಿಕದ ಮಕ್ಕಳ ವೈದ್ಯರ ಸಂಘವು ಹುಟ್ಟಿದಾಗ ಅವರೇ ಮೊದಲ ಅಧ್ಯಕ್ಷರು.

ಈ ಪದವಿಗಳ ಪಟ್ಟಿಯನ್ನು ಇಲ್ಲಿಗೆ ನಿಲ್ಲಿಸಿ, ಅವರು ಪದವಿಯನ್ನು ಕಳೆದುಕೊಂಡ ಒಂದು ಪ್ರಸಂಗವನ್ನು ಹೇಳುವುದು ನನಗೆ ಹೆಚ್ಚು ಸೇರುತ್ತದೆ. ನ್ಯೂಯಾರ್ಕಿನಲ್ಲಿ ತಬ್ಬಲಿ ಕೂಸುಗಳನ್ನೂ ಬಡತಾಯಂದಿರ ಕೂಸುಗಳನ್ನೂ ಸಾಕುವ ಒಂದು ದೊಡ್ಡ ಧರ್ಮಸಂಸ್ಥೆಯಿತ್ತು. ಶ್ರೀಮಂತ ಮನೆತನದ ಮಹಿಳೆಯರು ಅದರ ವ್ಯವಸ್ಥಾಪಕರು. ಜಾಕೋಬಿಯವರು ಅಲ್ಲಿ ವೈದ್ಯರಾಗಿದ್ದರು. ಒಳಗೆ ಬಂದ ಕೂಸುಗಳು ಎಷ್ಟು, ಸತ್ತವು ಎಷ್ಟು ಎಂದು ಅವರು ಲೆಕ್ಕ ತೆಗೆದರು. ಲೆಕ್ಕವು ಭಯಂಕರವಾಗಿತ್ತು. ಕೂಸುಗಳನ್ನು ಒಂದೇ ಛಾವಣಿಯ ಕೆಳಗೆ ಸಾಲಾಗಿ ಮಲಗಿಸಿದಲ್ಲಿ ಒಂದರ ರೋಗ ಎಲ್ಲಕ್ಕೂ ಹತ್ತುತ್ತದೆ. ಇವುಗಳನ್ನು ಹಳ್ಳಿಗಳ ಸಂಸಾರಸ್ಥರ ಮನೆಗಳಲ್ಲಿ ಸಾಕಲು ಕೊಡಿರಿ ಎಂದು ಅವರು ಸೂಚಿಸಿದರು. ಆ ಲೆಕ್ಕವನ್ನು ಬಹಿರಂಗವಾಗಿಯೂ ಆಡಿದರು. ದಾನ ಕೊಡುವವರಿಗೆ ಇಂತಹ ಮಾತು ಹಿಡಿಸುವುದುಂಟೇ? 1870ರ ಸುಮಾರಿಗೆ ಜಾಕೋಬಿಯವರು ಆ ಸಂಸ್ಥೆಯಿಂದ ಹೊರಬೀಳಬೇಕಾಯಿತು. ಅರಸನ ಎದುರಿಗೆ ನಿಂತು ಸೆರೆಮನೆ ಕಂಡವರಿಗೆ ಇದೇನು ದೊಡ್ಡದಲ್ಲವೆಂದು ಹೇಳಬಹುದು. ಆದರೆ ಕೊಲೋನಿನಲ್ಲಿ ಅವರು ತಮ್ಮ ಮಾತನ್ನು ತಾವು ಆಡಿದ್ದರು. ಇಲ್ಲಿ ಮಾತು ಬಾರದವರ ಪರವಾಗಿ ಆಡಿದ್ದರು. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚಿನದು.

ಅವರ ಗೃಹಜೀವನವು ಸುಖದ್ದಾಗಿರಲಿಲ್ಲ. ಇಬ್ಬರು ಹೆಂಡಂದಿರು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ಹುಟ್ಟಿದ ಕೂಸುಗಳೂ ಉಳಿಯಲಿಲ್ಲ. 1873ರಲ್ಲಿ ಅವರು ಮೇರಿ ಪಟ್ನಂ ಎಂಬ ವೈದ್ಯೆಯನ್ನು ಲಗ್ನವಾದರು. ಈ ಮಹಿಳೆ ಪ್ರಸಿದ್ಧ ಪುಸ್ತಕ ಪ್ರಕಾಶಕರೊಬ್ಬರ ಮಗಳು. ಹೆಂಗಸರಿಗೆ ಬಾಗಿಲು ಮುಚ್ಚಿದ್ದ ಪ್ಯಾರಿಸ್ಸಿನ ವೈದ್ಯಕೀಯ ವಿದ್ಯಾಲಯಕ್ಕೆ ಪ್ರವೇಶ ಪಡೆದ ಮೊದಲನೆಯ ಸ್ತ್ರೀ. 1871ರಲ್ಲಿ ಅಲ್ಲಿಯ ಪದವಿ ಪಡೆದಳು. ಮುಟ್ಟಿನ ದಿನಗಳಲ್ಲಿ ಹೆಂಗಸರು ಬುದ್ಧಿಯ ಕೆಲಸಕ್ಕೆ ಅಯೋಗ್ಯರೆಂದು ವಾದಿಸುತ್ತಿದ್ದ ಪಂಡಿತರಿಗೆ ಅಂಕಿ-ಅಂಶಗಳಿಂದ ಉತ್ತರ ಕೊಟ್ಟು 1876ರಲ್ಲಿ ಹಾರ್ವರ್ಡಿನ ಬಹುಮಾನವನ್ನೂ ಗೆದ್ದಳು. ಕೂಸುಗಳ ಆಹಾರದ ಬಗ್ಗೆ ಜಾಕೋಬಿಯವರು ಬರೆದ ಪುಸ್ತಿಕೆಯನ್ನು ಸಾಮಾನ್ಯ ತಾಯಂದಿರಿಗೆ ತಿಳಿಯುವಂತೆ ಹಿಗ್ಗಿಸಿ ತಿದ್ದಿ 1874ರಲ್ಲಿ ಪ್ರಕಟಿಸಿದವಳೂ ಈಕೆಯೇ. ಗಂಡ-ಹೆಂಡತಿ ಇಬ್ಬರೂ ವೈದ್ಯರು, ಇಬ್ಬರೂ ಮಕ್ಕಳ ರೋಗಗಳನ್ನು ಬಲ್ಲವರು. ಅವರಿಗೆ ಎರ್ನ್ಸ್ಟ್ ಎಂಬ ಮಗನೂ ಮಾರ್ಜೊರಿ ಎಂಬ ಮಗಳೂ ಹುಟ್ಟಿದರು.

ಡಿಫ್ತೀರಿಯಾ ರೋಗದ ವಿಷಯದಲ್ಲಿ ಅಂದಿನ ಅಮೇರಿಕೆಯಲ್ಲಿ ಜಾಕೋಬಿಯವರನ್ನು ಮೀರಿಸಿದವರು ಇರಲಿಲ್ಲವೆಂದರೂ ಸಲ್ಲುವುದು. 1880ರಲ್ಲಿ ಆ ರೋಗದ ಮೇಲೆ ದೊಡ್ಡ ಗ್ರಂಥವನ್ನೇ ಬರೆದರು. ಉಸಿರು ಕಟ್ಟಿದ ಕೂಸುಗಳ ಕೊರಳನ್ನು ಸೀಳಿ ಗಾಳಿಗೆ ಹಾದಿ ಮಾಡುವ ಶಸ್ತ್ರಕ್ರಿಯೆಯನ್ನು ಅವರು ಎಷ್ಟೋ ಸಲ ಮಾಡಿದ್ದರು. ಬೇರೆ ವೈದ್ಯರಿಗೆ ಸಂದೇಹ ಬಂದಲ್ಲಿ ಅವರನ್ನು ಕರೆಸುತ್ತಿದ್ದರು. ಗ್ರಂಥ ಅಚ್ಚಾಗಿ ಮೂರು ವರುಷಕ್ಕೆ, 1883ರಲ್ಲಿ, ಅದೇ ರೋಗ ಅವರ ಮನೆಗೆ ಬಂದಿತು. ಏಳು ವರುಷದ ಎರ್ನ್ಸ್ಟ್ ತೀರಿಕೊಂಡನು.

ಇದನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿಟ್ಟೆನು. ಆ ದಿನ ಜೀಪಿನಲ್ಲಿ ಅಕ್ಕನ ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದ ಕೂಸು ಕಣ್ಣ ಮುಂದೆ ಬಂದಿತು. ನಮ್ಮ ಕೈಯಲ್ಲಿ ತಿಳಿವಳಿಕೆ ಇರಲಿಲ್ಲ, ಆದರೆ ಎರಡು ತಾಸಿನ ಹಾದಿಯಲ್ಲಿ ಔಷಧವಿತ್ತು. ಜಾಕೋಬಿ ದಂಪತಿಗಳಿಗೆ ಜಗತ್ತಿನಲ್ಲಿ ಆ ಹೊತ್ತಿಗೆ ಇದ್ದ ತಿಳಿವಳಿಕೆಯೆಲ್ಲ ಇತ್ತು, ಔಷಧವು ಮಾತ್ರ ಎಲ್ಲಿಯೂ ಇರಲಿಲ್ಲ. ಹುಡುಗ ಸತ್ತ ವರುಷವೇ ಜರ್ಮನಿಯ ಕ್ಲೆಬ್ಸ್ ಎಂಬುವರು ಆ ರೋಗದ ಸೂಕ್ಷ್ಮಾಣುವನ್ನು ಗುರುತಿಸಿದರು. 1884ರಲ್ಲಿ ಲೋಫ್ಲರ್ ಅದನ್ನು ಬೇರ್ಪಡಿಸಿ ಬೆಳೆಸಿದರು. 1890ರಲ್ಲಿ ಬೇರಿಂಗ್ ಮತ್ತು ಕಿತಾಸಾತೊ ಅದರ ವಿಷಕ್ಕೆ ಪ್ರತಿವಿಷವನ್ನು ಕಂಡುಹಿಡಿದರು. 1894-95ರ ಹೊತ್ತಿಗೆ ಕುದುರೆಗಳ ರಕ್ತದಿಂದ ಆ ಪ್ರತಿವಿಷವನ್ನು ತಯಾರಿಸುವ ಕೆಲಸ ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆಯಲ್ಲಿಯೇ ಆರಂಭವಾಯಿತು. ಹನ್ನೊಂದು-ಹನ್ನೆರಡು ವರುಷ ತಡ. ರೋಗ ಬಾರದಂತೆಯೇ ತಡೆಯುವ ಚುಚ್ಚುಮದ್ದು ಫ್ರಾನ್ಸಿನ ರಾಮೊನ್ ಅವರ ಕೈಯಿಂದ ಬಂದದ್ದು 1923ರಲ್ಲಿ. ಅದನ್ನು ನೋಡಲು ಜಾಕೋಬಿಯವರೇ ಉಳಿದಿರಲಿಲ್ಲ. ಸೊಲ್ಲಾಪುರದ ಆ ಪಟದ ಮೇಲಿದ್ದ ಮೊದಲ ಹೆಸರು ಇದೇ ರೋಗದ್ದು. ನಮ್ಮ ಕೂಸಿನ ಕಾರ್ಡಿನಲ್ಲಿ ಖಾಲಿ ಉಳಿದಿದ್ದ ಮನೆಯೂ ಇದರ ವಿರುದ್ಧದ್ದೇ.

ಮಗ ಸತ್ತ ಮೇಲೆ ಜಾಕೋಬಿಯವರು ಕೆಲಸವನ್ನು ಬಿಡಲಿಲ್ಲ. ಮತ್ತೆ ಮೂವತ್ತಾರು ವರುಷ ಬದುಕಿದರು. ಬೇರೆಯವರ ಮಕ್ಕಳ ಗಂಟಲನ್ನು ನೋಡುತ್ತಲೇ ಇದ್ದರು. ಆ ಮನೆಗಳಿಗೆ ಹೋದಾಗ ಅವರ ಮನಸ್ಸಿನಲ್ಲಿ ಏನು ನಡೆಯುತ್ತಿತ್ತೆಂದು ಊಹಿಸಲು ನಾನು ಹೋಗುವುದಿಲ್ಲ.

1890ರ ದಶಕದಲ್ಲಿ ಒಂದು ವಿಚಿತ್ರ ನಡೆಯಿತು. ಬರ್ಲಿನ್ ವಿಶ್ವವಿದ್ಯಾಲಯವು ಮಕ್ಕಳ ವೈದ್ಯಶಾಸ್ತ್ರದ ಪೀಠಕ್ಕೆ ಬರಬೇಕೆಂದು ಅವರಿಗೆ ಆಮಂತ್ರಣ ಕಳಿಸಿತು. ನಾಲ್ವತ್ತು ವರುಷಗಳ ಹಿಂದೆ ಯಾವ ಊರಿನಲ್ಲಿ ಕೈಗೆ ಬೇಡಿ ಬಿದ್ದಿತೋ ಅದೇ ಊರಿನಿಂದ ಪ್ರಾಧ್ಯಾಪಕನ ಪೀಠ! ಬೇರೆ ಯಾರಾದರೂ ಆಗಿದ್ದರೆ ಸೇಡು ತೀರಿತೆಂದು ಹಿಗ್ಗಿ ಹೋಗುತ್ತಿದ್ದರು. ಜಾಕೋಬಿಯವರು ನ್ಯೂಯಾರ್ಕನ್ನು ಬಿಟ್ಟು ಬರಲೊಲ್ಲೆನೆಂದು ತಿಳಿಸಿದರು. 1906ರಲ್ಲಿ ಮೇರಿ ಮೆದುಳಿನ ಗಡ್ಡೆಯಿಂದ ತೀರಿಕೊಂಡಳು; ಸಾಯುವ ಮೊದಲು ತನ್ನ ರೋಗದ ಲಕ್ಷಣಗಳನ್ನು ತಾನೇ ವೈದ್ಯಳಂತೆ ಬರೆದಿಟ್ಟಳು. 1912ರಲ್ಲಿ, ಎಂಬತ್ತೆರಡನೆಯ ವಯಸ್ಸಿನಲ್ಲಿ, ಜಾಕೋಬಿಯವರು ಅಮೇರಿಕದ ವೈದ್ಯಕೀಯ ಸಂಘದ ಅಧ್ಯಕ್ಷರಾದರು. 1918ರಲ್ಲಿ ಲೇಕ್ ಜಾರ್ಜ್ ದಂಡೆಯ ಅವರ ಬೇಸಗೆಯ ಮನೆಗೆ ಬೆಂಕಿ ಬಿದ್ದು, ಬರೆಯುತ್ತಿದ್ದ ಆತ್ಮಚರಿತ್ರೆಯ ಕಾಗದಗಳೆಲ್ಲ ಸುಟ್ಟುಹೋದವು. ಆದುದರಿಂದ ಅವರ ಒಳಗಿನ ಮಾತುಗಳು ನಮಗೆ ದೊರೆಯದೇ ಹೋದವು. 1919ನೆಯ ಜುಲೈ 10ರಂದು, ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ಅಲ್ಲಿಯೇ ತೀರಿಕೊಂಡರು.

ನಮ್ಮ ದೇಶದಲ್ಲಿ ಈ ಶಾಸ್ತ್ರವು ಆಮೇಲೆ ಬೇರೂರಿತು. ಮುಂಬಯಿಯಲ್ಲಿ ಮಕ್ಕಳಿಗೆಂದೇ ವಾಡಿಯಾ ಆಸ್ಪತ್ರೆಯು ತೆರೆದದ್ದು 1929ರಲ್ಲಿ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ ತಾಯಂದಿರಿಗೂ ಮಕ್ಕಳಿಗೂ ಬಾಗಿಲು ತೆರೆದದ್ದು 1935ರಲ್ಲಿ. ಭಾರತದ ಮಕ್ಕಳ ವೈದ್ಯರ ಅಕಾಡೆಮಿ ಹುಟ್ಟಿದ್ದು 1963ರಲ್ಲಿ. ಭೇದಿಗೆ ಉಪ್ಪು-ಸಕ್ಕರೆಯ ನೀರೇ ಸಾಕೆಂಬುದನ್ನು 1971ರಲ್ಲಿ ಬಂಗಾಲದ ಬನಗಾಂವ್ ನಿರಾಶ್ರ್ರಿತರ ಶಿಬಿರದಲ್ಲಿ ಡಾ. ದಿಲೀಪ ಮಹಲನಬಿಸ್ ಅವರು ತೋರಿಸಿಕೊಟ್ಟರು. ಸಾವಿರಾರು ಜನರಿಗೆ ರಕ್ತನಾಳದ ಮೂಲಕ ಕೊಡುವ ನೀರು ಸಾಲದೇ ಹೋದಾಗ, ಡ್ರಮ್ಮುಗಳಲ್ಲಿ ಕಲಸಿ ಬಾಯಿಂದಲೇ ಕುಡಿಸಿದರು. ಅಕ್ಕನು ಚಮಚದಿಂದ ಕುಡಿಸಿದ್ದು ಅದನ್ನೇ.

ಆದರೂ ಜಾಕೋಬಿಯವರ ಶತ್ರು ಪೂರ್ತಿ ಸತ್ತಿಲ್ಲ. ಈ ಶತಮಾನದಲ್ಲಿಯೂ ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಗಂಟಲಮಾರಿ ಕಾಣಿಸಿಕೊಂಡದ್ದುಂಟು. ಆರು, ಹತ್ತು, ಹದಿನಾಲ್ಕನೆಯ ವಾರದ ಮೂರು ಡೋಸುಗಳನ್ನು ಹಾಕಿಸಿ ಅಷ್ಟಕ್ಕೆ ಮರೆಯುವವರು ಬಹಳ. ಒಂದೂವರೆ ವರುಷದ ಸುಮಾರಿಗೆ ಒಂದು, ಐದಾರು ವರುಷಕ್ಕೆ ಇನ್ನೊಂದು, ಹತ್ತು ಹದಿನಾರಕ್ಕೆ ಮತ್ತೆ ಒಂದೊಂದು ಇರುವುದನ್ನು ನಾನೂ ಈ ಲೇಖನದ ನೆವದಿಂದಲೇ ಅರಿತೆನು. ಹತ್ತನೆಯ ಮತ್ತು ಹದಿನಾರನೆಯ ವರುಷದವು ನನಗೆ ಬಿದ್ದಿವೆಯೋ ಇಲ್ಲವೋ ಎಂದು ಅವ್ವನನ್ನು ಕೇಳಿದರೆ ಅವಳಿಗೂ ನೆನಪಿಲ್ಲ.

ಚಡಚಣದ ನೆರೆಯ ಹಲಸಂಗಿಯ ಗೆಳೆಯರು 1931ರಲ್ಲಿ ಗರತಿಯ ಹಾಡನ್ನು ಪ್ರಕಟಿಸಿದ ಸಂಗತಿ ನಮಗೆಲ್ಲ ಹೆಮ್ಮೆಯದು. ಮಧುರಚೆನ್ನರೂ ಚಡಚಣದವರೇ ಆದ ಸಿಂಪಿ ಲಿಂಗಣ್ಣನವರೂ ಅದರ ಹಿಂದೆ ಇದ್ದವರು. ಅಲ್ಲಿಯ ಹಾಡುಗಳಲ್ಲಿ ಕೂಸನ್ನು ತಾಯಿ ಎಷ್ಟು ಬಗೆಯಾಗಿ ಹೊಗಳುತ್ತಾಳೆ! ಬೀಸುವ ಕಲ್ಲಿನ ಮುಂದೆ ಕೂತ ನಮ್ಮ ಆಯಿಯಂತಹ ಹೆಂಗಸರೇ ಅವನ್ನು ಕಟ್ಟಿದವರು. ಆಕೆಗೆ ಎಂಟು ಹೆರಿಗೆಯಾಗಿ ಉಳಿದವರು ನಾಲ್ವರೆಂಬುದು ನನಗೆ ಗೊತ್ತಾದದ್ದು ಸೊಲ್ಲಾಪುರದಿಂದ ಬಂದ ಮೇಲೆಯೇ. ನೀರು ನಿಲ್ಲಿಸುವುದನ್ನು ಆಕೆಗೆ ಕಲಿಸಿದವರೂ ಅಂತಹವೇ ದುಃಖ ಉಂಡವರು. ಈಗ ಆಕೆ ಓ.ಆರ್.ಎಸ್. ಪಾಕೀಟನ್ನು ದೇವರ ಜಗುಲಿಯ ಮೇಲೆ ಇಟ್ಟುಕೊಂಡಿದ್ದಾಳೆ; ಕೇಳಿದವರಿಗೆ ಅಳತೆಯನ್ನೂ ಹೇಳುತ್ತಾಳೆ, ಒಂದು ಪಾಕೀಟಿಗೆ ಒಂದು ಲೀಟರು, ಕಾಯಿಸಿ ಆರಿಸಿದ ನೀರು.

ಕೂಸು ಈಗ ಅಂಗಳದಲ್ಲಿ ಓಡಾಡುತ್ತದೆ. ತಪ್ಪಿಹೋದ ಇಂಜೆಕ್ಷನ್ನನ್ನು ಊರಿನ ಅಂಗನವಾಡಿಯಲ್ಲಿ ಒಂದು ಗುರುವಾರ ಹಾಕಿಸಿದೆವು. ಅದರ ಕಾರ್ಡು ರೇಶನ್ ಕಾರ್ಡಿನ ಜೊತೆಗೆ ಟ್ರಂಕಿನಲ್ಲಿದೆ. ಮುಂದಿನ ತಾರೀಖು ಬಂದಾಗ ಅಕ್ಕನು ಗಂಡನ ಮನೆಯಿಂದ ಫೋನು ಮಾಡಿ, ಅದನ್ನು ತೆಗೆದು ಓದಿ ಹೇಳೆಂದು ನನಗೇ ಹೇಳುತ್ತಾಳೆ.